ಎರಡನೆಯ ಪಿನ್ನು

ಮಗಳಿಗೆ ಹದಿನೆಂಟು ದಿನದಿಂದ ಒಂದು ಇಡೀ ನಿದ್ದೆ ಸಿಕ್ಕಿರಲಿಲ್ಲ. ಅಪ್ಪನಿಗೆ ಲಕ್ವ ಹೊಡೆದು ಎಡಮೈ ಬಿದ್ದುಹೋದ ಮೇಲೆ ಅವನನ್ನು ಎರಡೆರಡು ಗಂಟೆಗೊಮ್ಮೆ ಹೊರಳಿಸಬೇಕಿತ್ತು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆಂದು ಡಾಕ್ಟರು ಹೇಳಿದ್ದರು. ನಡುವೆ ಅಂಗಡಿ. ಅಂಗಡಿ ಅಂದರೆ ಮನೆಯ ಮುಂದಿನ ಕೋಣೆ. ಹಳೆಯ ಕೋವಿಗಳ ಮರ ಕೆರೆದು, ಉಜ್ಜಿ, ಎಣ್ಣೆ ಕುಡಿಸಿ ಹೊಸದು ಮಾಡುವ ಜಾಗ.

ಮೇಜಿನ ಮೇಲಿದ್ದ ಕೋವಿ ಬಾಯಿಯಿಂದ ಮದ್ದು ತುಂಬುವ ಕಾಲದ್ದು, ಶೂಟಿಂಗ್ ಕ್ಲಬ್ಬಿನದು. ಮೂವತ್ತು ವರ್ಷದ ಹಿಂದೆ ಅದಕ್ಕೆ ಮರ ಕೂರಿಸಿದವನು ಅಪ್ಪನೇ. ಕ್ಲಬ್ಬಿನ ಕಾರ್ಯದರ್ಶಿ ಬೆಳಿಗ್ಗೆ ಅದನ್ನು ಇಟ್ಟು ಹೋಗುವಾಗ ಮುಚ್ಚುಮರೆ ಮಾಡಿರಲಿಲ್ಲ.

"ಇಂಥ ಕೋವಿ ಇನ್ನೂ ಹನ್ನೊಂದು ಇದಾವಮ್ಮ. ಇದೊಂದು ನೋಡಿ ಆಮೇಲೆ ಕೊಡೋಣ ಅಂತ ಕಮಿಟೀಲಿ ಮಾತಾಯ್ತು. ನಿಮ್ಮಪ್ಪ ಆಗಿದ್ರೆ ಕಣ್ಣು ಮುಚ್ಕೊಂಡು ಕೊಡ್ತಿದ್ವಿ."

"ಈಗ ಕಣ್ಣು ಬಿಟ್ಕೊಂಡೇ ಕೊಡಿ ಸಾರ್."

ಅವರು ನಕ್ಕರು. ಅವಳಿಗೆ ನಗುವಷ್ಟು ತ್ರಾಣ ಇರಲಿಲ್ಲ. ಹನ್ನೊಂದೂ ಬಂದರೆ ಒಂದು ವರ್ಷ ಅಂಗಡಿ ನಡೆಯುತ್ತದೆ. ಬರದಿದ್ದರೆ ಯಾರದ್ದಾದರೂ ಕಾರ್ಖಾನೆಗೆ ಕೂಲಿಗೆ ಹೋಗಬೇಕು. ಆಗ ಅಪ್ಪನನ್ನು ಹೊರಳಿಸುವವರು ಯಾರು?

ಮಧ್ಯಾಹ್ನ ಕೆಲಸಕ್ಕೆ ಕೂತಳು. ಮರಕ್ಕೆ ಕೈ ಹಾಕುವ ಮೊದಲು ನಳಿಕೆ ಎತ್ತಬೇಕು. ಎತ್ತಬೇಕಾದರೆ ನಳಿಕೆಯ ಅಡಿಯ ಕೊಂಡಿಗಳಲ್ಲಿ ಅಡ್ಡಡ್ಡ ಹಾಯ್ದು ಅದನ್ನು ಮರಕ್ಕೆ ಹಿಡಿದಿಟ್ಟ ಮೂರು ಸಣ್ಣ ಪಿನ್ನುಗಳನ್ನು ಹೊಡೆದು ತೆಗೆಯಬೇಕು. ಪಿನ್ನಿನ ಒಂದು ತುದಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ದಪ್ಪ. ಸಣ್ಣ ತುದಿ ಮುಂದಾಗಿ ಬಲಗಡೆಯಿಂದ ಹಾಕುವುದು, ಎಡಗಡೆಯಿಂದ ಆ ಸಣ್ಣ ತುದಿಯನ್ನೇ ಹೊಡೆದು ತೆಗೆಯುವುದು ಕಸುಬಿನವರ ಪದ್ಧತಿ.

ಮೊದಲನೆಯದು ತುಕ್ಕು ತಿಂದು ಸವೆದಿತ್ತು. ಪಂಚ್ ಅನ್ನುವ ಉಕ್ಕಿನ ಕಡ್ಡಿ ಇಟ್ಟು ಎರಡು ಸಲ ತಟ್ಟಿದ್ದಕ್ಕೆ ಕೆಳಗೆ ಬಿತ್ತು. ಎರಡನೆಯದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಒಂದು ಹನಿ ಎಣ್ಣೆ ಬಿಟ್ಟಳು, ಚಹಾ ಕುಡಿದು ಬಂದಳು, ಮತ್ತೆ ತಟ್ಟಿದಳು.

ಅಪ್ಪನನ್ನು ಕೇಳಬಹುದಿತ್ತು. ಗೋಡೆಯಾಚೆಯೇ ಮಲಗಿದ್ದ. ಆದರೆ ಎಬ್ಬಿಸಿದರೆ ಕೂರಿಸಬೇಕು, ನೀರು ಕುಡಿಸಬೇಕು, ಬಟ್ಟೆ ನೋಡಬೇಕು, ಅವನ ತೊದಲು ಅರ್ಥವಾಗುವತನಕ ಕಿವಿಗೊಟ್ಟು ನಿಲ್ಲಬೇಕು. ಪಾಪ, ಮಲಗಿರಲಿ ಅಂದುಕೊಂಡಳು. ಅಂದುಕೊಂಡದ್ದು ಅವನ ಸುಖಕ್ಕಲ್ಲ.

ದೊಡ್ಡ ಸುತ್ತಿಗೆ ತೆಗೆದುಕೊಂಡಳು. ಮೂರನೆಯ ಏಟಿಗೆ ಮರ ಚಟ್ಟೆಂದು ಸೀಳಿತು.

"ಯಾವ ಕಡೆಯಿಂದ ಹೊಡ್ದೆ?" ಒಳಗಿನಿಂದ ಅಪ್ಪ ಒಂದೊಂದೇ ಪದ ಬಿಡಿಸಿ ತೊದಲಿದ.

"ಎಡಗಡೆಯಿಂದ."

"ಅದನ್ನ ಹಾಕಿದ್ದು ನಾನು."

ಮುಂದೆ ಹೇಳಬೇಕಾಗಿರಲಿಲ್ಲ. ಅಪ್ಪ ಎಡಚ. ಕೋವಿಯನ್ನು ಲೋಕಕ್ಕೆಲ್ಲ ಉಲ್ಟಾ ಮಲಗಿಸಿಕೊಂಡು ಕೆಲಸ ಮಾಡುತ್ತಿದ್ದ, ಪಿನ್ನನ್ನೂ ಎಡಗಡೆಯಿಂದಲೇ ಹಾಕುತ್ತಿದ್ದ. ಚಿಕ್ಕಂದಿನಲ್ಲಿ ಅವನ ಏಟು ತಪ್ಪಿಸಿಕೊಳ್ಳಲು ಅವಳು ಯಾವಾಗಲೂ ಅವನ ಬಲಕ್ಕೆ ನಿಲ್ಲುತ್ತಿದ್ದಳು. ಈಗ ದಪ್ಪ ತುದಿಯನ್ನೇ ಹೊಡೆದು ಹೊಡೆದು ಮರದೊಳಕ್ಕೆ ಬೆಣೆ ಜಡಿದ ಹಾಗಾಗಿತ್ತು. ಬೇರೆ ಯಾರಾದರೂ ಈ ತಪ್ಪು ಮಾಡಿದ್ದರೆ ಗೊತ್ತಿರಲಿಲ್ಲ ಅನ್ನಬಹುದಿತ್ತು.

"ನನ್ನ ಎಬ್ಬಿಸೋಕೆ ಏನಾಗಿತ್ತೇ?"

"ನೀನು ಎದ್ರೆ ಕೆಲಸ ಜಾಸ್ತಿ ಅಪ್ಪ."

"ಅದೂ ಸರಿನೇ. ಹೆಂಗೂ ಎದ್ದಾಯ್ತಲ್ಲ, ಬಾ, ಹೊರಳಿಸು."

ಹೊರಳಿಸಿ ಬಂದು ಕಾರ್ಯದರ್ಶಿಗೆ ಅವಳೇ ಫೋನ್ ಮಾಡಿದಳು. ಸಂಜೆ ಬಂದವರು ಸೀಳಿನ ಉದ್ದಕ್ಕೂ ಹೆಬ್ಬೆರಳು ಓಡಿಸಿದರು.

"ಅಂಟು ಹಾಕಿ ಕೊಡ್ತೀನಿ ಸಾರ್. ದುಡ್ಡು ಬೇಡ."

"ಹಾಕಮ್ಮ. ಉಳಿದಿದ್ದು ಬೇರೆ ಕಡೆ ಹೋಗುತ್ತೆ. ಕಮಿಟೀಲಿ ನಾನೊಬ್ಬನೇ ಏನು ಹೇಳಲಿ?" ಬಾಗಿಲಲ್ಲಿ ನಿಂತು, "ಅಪ್ಪ ಹೇಗಿದಾರೆ?" ಎಂದರು.

"ಹಾಗೇ ಇದಾರೆ."

ಅವರು ಹೋದ ಮೇಲೆ ಕೋವಿಯನ್ನು ಉಲ್ಟಾ ಮಲಗಿಸಿ ಬಲಗಡೆಯಿಂದ ತಟ್ಟಿದಳು. ಉಳಿದೆರಡು ಪಿನ್ನುಗಳೂ ತಕರಾರಿಲ್ಲದೆ ಬಂದವು. ನಳಿಕೆ ಎತ್ತಿ ಪಕ್ಕಕ್ಕಿಟ್ಟು ನೋಡಿದಳು. ಮರದಲ್ಲಿ ಒಂದು ಗೇಣು ಸೀಳು. ಸೊಟ್ಟಗಾದ ಪಿನ್ನು ಒಂದು. ನಳಿಕೆಯ ಅಡಿಯಿಂದ ಕಿತ್ತುಬಂದ ಕೊಂಡಿ ಒಂದು. ಕೈತಪ್ಪಿದ ಕೋವಿ ಹನ್ನೊಂದು.