ನದಿಯಿಂದ ತಂದ ಕೊರಡು

ಕುದಿಸಿದ ನೀರನ್ನು ಮತ್ತೊಮ್ಮೆ ಚೆಲ್ಲಿ, ಅವಳು ಅದರಲ್ಲಿ ಬೆಂದ ಕೊರಡನ್ನು ಬ್ರಷ್ಷಿನಿಂದ ಉಜ್ಜತೊಡಗಿದಳು. ಕಾಯಿಲೆಯಿಂದೆದ್ದ ಗಂಡ ಮೊದಲ ಸಲ ಒಬ್ಬನೇ ನದಿಯವರೆಗೆ ನಡೆದು, ಮೀನಿನ ತೊಟ್ಟಿಯಲ್ಲಿ ಅಂದಕ್ಕೆ ಇಡಲೆಂದು ಹೆಕ್ಕಿ ತಂದದ್ದು ಅದು.

“ಮೀನಿಗೂ ಕಷಾಯ ಮಾಡ್ತಿದ್ದೀಯೇನೇ?” ಎಂದು ಅವನು ಹಜಾರದಿಂದ ಕೂಗಿದ.

“ಇದೂ ನಿಮಗೇ ರೀ. ಸುಮ್ನೆ ಕೂತ್ಕೊಳ್ಳಿ.”

ಬಿರುಕಿನಲ್ಲಿ ಮೊಳೆಯಾಡಿಸಿದಾಗ ಕಪ್ಪು ಅಂಟು ಮೆತ್ತಿಕೊಂಡಿತು. ಮೂಸಿದಳು. ಡಾಂಬರು. ಕುದಿಯುವಾಗ ಬಂದ ಘಾಟು ಇದರದ್ದೇ. ಹಿಂದೆ ದೋಣಿ ಕಟ್ಟುವ ಗೂಟವಾಗಿದ್ದಿರಬೇಕು. ಎಷ್ಟು ಕುದಿಸಿದರೂ ಇದು ಹೋಗದು. ತೊಟ್ಟಿಯಲ್ಲಿಟ್ಟರೆ ಮೀನುಗಳು ಉಳಿಯಲಾರವು.

“ಆಯ್ತೇನೇ?”

“ಇನ್ನೂ ಬಣ್ಣ ಬಿಡ್ತಿದೆ. ನಾಳೆ ನೋಡೋಣ.”

ಕೊರಡಿನ ಬಾಗನ್ನೂ ಕವಲನ್ನೂ ಬೆರಳಿನಿಂದ ಸವರಿ ನೆನಪಿಟ್ಟುಕೊಂಡಳು. ಬೆಳಿಗ್ಗೆ ಅವನು ಏಳುವ ಮೊದಲೇ ನದಿಗೆ ಹೋಗಿ, ಇಂಥದ್ದೇ ಇನ್ನೊಂದನ್ನು ಹುಡುಕಿ ತರಬೇಕು.