ಎದುರುಗಾಳಿಯ ಮಾದಯ್ಯ

ಮಾದಯ್ಯ ದೊಡ್ಡಪ್ಪ ಮಾತನಾಡುತ್ತ ಮಾತನಾಡುತ್ತ ನಡುವೆ ಸುಮ್ಮನಾಗಿಬಿಡುತ್ತಾರೆ. ಹೊಸಬರಾದರೆ, ಪಾಪ, ವಯಸ್ಸಾಯಿತು, ಹೇಳಬೇಕಾದದ್ದು ಮರೆತುಹೋಯಿತು ಎಂದುಕೊಳ್ಳುತ್ತಾರೆ. ಆದರೆ ಅವರು ಮುಖವನ್ನು ನಿಧಾನವಾಗಿ ಅತ್ತಿತ್ತ ತಿರುಗಿಸುತ್ತ, ಎರಡು ಕಿವಿಗಳಿಗೂ ಗಾಳಿಯ ಸದ್ದು ಒಂದೇ ಸಮನಾಗಿ ಬೀಳುವ ದಿಕ್ಕನ್ನು ಹುಡುಕುತ್ತಿರುತ್ತಾರೆ. ಅದು ಸಿಕ್ಕಿದಾಗ ಅವರ ಮೂಗು ಎತ್ತ ಇರುತ್ತದೆಯೋ ಅತ್ತಲಿಂದ ಗಾಳಿ ಬೀಸುತ್ತಿದೆ ಎಂದು ತಿಳಿಯಬೇಕು. ಅದು ಖಚಿತವಾದ ಮೇಲೆಯೇ, ಬಿಟ್ಟ ಮಾತನ್ನು ಬಿಟ್ಟ ಪದದಿಂದಲೇ ಹಿಡಿದು ಅವರು ಮುಂದುವರಿಸುವುದು. ರಾಗಿ ಹೊಲದ ಬದುವಿನ ಮೇಲೆ, ತಾಳವಾಡಿಯ ಬಸ್ ನಿಲ್ದಾಣದಲ್ಲಿ, ಒಮ್ಮೆ ಸಾವಿನ ಮನೆಯ ಅಂಗಳದಲ್ಲಿ ಕೂಡ ಅವರು ಹೀಗೆ ನಿಂತದ್ದನ್ನು ನಾನು ನೋಡಿದ್ದೇನೆ. ಕಣದಲ್ಲಿ ರಾಗಿ ತೂರುವ ಕೆಲವು ದಿನಗಳನ್ನು ಬಿಟ್ಟರೆ, ಗಾಳಿಯ ದಿಕ್ಕಿನಿಂದ ನಮ್ಮ ಬೆಟ್ಟದ ಜನಕ್ಕೆ ಆಗಬೇಕಾದದ್ದೇನೂ ಇಲ್ಲ.

ಅವರ ನಡಿಗೆಯೂ ಹಾಗೆಯೇ. ಕಾಲುಗಳನ್ನು ಅಗಲವಾಗಿಟ್ಟು, ಮಂಡಿಯನ್ನು ಸ್ವಲ್ಪ ಬಾಗಿಸಿ, ಕಾಲಡಿಯ ಭೂಮಿ ಯಾವ ಗಳಿಗೆಯಲ್ಲಾದರೂ ಒಂದು ಪಕ್ಕಕ್ಕೆ ವಾಲೀತು ಎಂಬ ಎಚ್ಚರದಲ್ಲಿ ನಡೆಯುತ್ತಾರೆ. ಅವರಿಗೊಂದು ಖಾಕಿ ಕೋಟಿದೆ. ಅದರ ತುಂಬ ಜೇಬುಗಳು, ಮೊಳಕೈಯಲ್ಲಿ ಡಾಂಬರಿನ ಕಲೆ. ಕೊಚ್ಚಿಯಲ್ಲಿ ದೋಣಿಗಳ ಮರಕ್ಕೆ ಮೀನಿನ ಎಣ್ಣೆ ಹಚ್ಚುವಾಗ ತೊಟ್ಟ ಕೋಟಾದ್ದರಿಂದ ಎಷ್ಟು ಒಗೆದರೂ ಆ ವಾಸನೆ ಬಿಟ್ಟಿಲ್ಲ. ಲಿಂಗ ಕಟ್ಟಿದವರ ಮನೆಯೊಳಗೆ ಅದಕ್ಕೆ ಪ್ರವೇಶವಿಲ್ಲವೆಂದು ಅವರ ಹೆಂಡತಿ ಪುಟ್ಟಬಸಮ್ಮ ಮೊದಲ ದಿನವೇ ತೀರ್ಮಾನಿಸಿದ್ದರಂತೆ. ಅಂದಿನಿಂದ ಅದು ಹಿತ್ತಿಲಿನ ಹೊಂಗೆ ಮರದ ಕೊಂಬೆಯ ಮೇಲೆಯೇ ವಾಸ. ಸಂಜೆ ಹೊತ್ತು ಗಾಳಿಗೆ ಅದರ ತೋಳುಗಳು ಅಲ್ಲಾಡಿದರೆ ಯಾರೋ ನಮ್ಮನ್ನು ಕರೆಯುತ್ತಿದ್ದಾರೆ ಎನ್ನಿಸುತ್ತದೆ.

ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಬೇಲಿ. ನಂಟಸ್ತಿಕೆ ಇಲ್ಲದಿದ್ದರೂ ನನಗೆ ಅವರು ದೊಡ್ಡಪ್ಪ, ಪುಟ್ಟಬಸಮ್ಮ ದೊಡ್ಡವ್ವ. ಶಾಲೆ ಬಿಟ್ಟ ಮೇಲೆ ನಾನು ಜಗುಲಿಯಲ್ಲಿ ರವಿಕೆ ಹೊಲಿಯಲು ಕೂತದ್ದರಿಂದ, ಬೇಲಿಯಾಚೆ ಒಂದು ದೋಣಿ ಹುಟ್ಟಿದ್ದನ್ನು ಮೊದಲಿನಿಂದ ಕೊನೆಯವರೆಗೂ ನೋಡುವುದು ನನಗೆ ಸಾಧ್ಯವಾಯಿತು.

ಪ್ರಾಯದಲ್ಲಿ ದೊಡ್ಡಪ್ಪ ಕೊಚ್ಚಿಗೆ ಹೋದದ್ದು ಅಡುಗೆ ಕೆಲಸಕ್ಕೆ. ಚಾಮರಾಜನಗರದ ಕಡೆಯವರೊಬ್ಬರು ಅಲ್ಲಿ ಊಟದ ಮೆಸ್ಸು ನಡೆಸುತ್ತಿದ್ದರು. ಮಧ್ಯಾಹ್ನದ ಪಾತ್ರೆಗಳೆಲ್ಲ ಬೋರಲಾದ ಮೇಲೆ ಅವರಿಗೆ ಸಂಜೆಯವರೆಗೆ ಕೆಲಸವಿಲ್ಲ. ಹಿನ್ನೀರಿನ ದಡದಲ್ಲಿ ಒಂದು ತಗಡಿನ ಶೆಡ್ಡು. ಬ್ಯಾಂಕಿನ ಗುಮಾಸ್ತರು, ಮೇಷ್ಟರು, ಕನ್ನಡಕದ ಅಂಗಡಿಯವರು, ಹೀಗೆ ಮೀನುಗಾರಿಕೆಗೆ ಸಂಬಂಧವೇ ಇಲ್ಲದವರು ಬಿಡುವಿನಲ್ಲಿ ಕೇವಲ ಆಸೆಗಾಗಿ ಅಲ್ಲಿ ದೋಣಿ ಕಟ್ಟುತ್ತಿದ್ದರು. ದೊಡ್ಡಪ್ಪನೂ ಅವರೊಂದಿಗೆ ಕೈಗೂಡಿಸಿದರು. ಮಳೆಗಾಲದಲ್ಲಿ ಹಲಗೆಗೆ ಬೂಷ್ಟು ಹಿಡಿಯುವುದು, ಅದನ್ನು ಉಜ್ಜಿ ತೆಗೆದು ಮತ್ತೆ ಬಿಸಿಲಿಗೆ ಕಾಯುವುದು, ಒಂದು ದೋಣಿ ಮುಗಿಯಲು ವರುಷಗಳೇ ಹಿಡಿಯುವುದು. ಮುಗಿದ ದೋಣಿಯಲ್ಲಿ ರಜೆಯ ದಿನ ಸಂಜೆ ಹಾಯಿ ಬಿಚ್ಚಿ ಹೊರಟರೆ, ಒಂದು ಕಡೆ ದೊಡ್ಡ ಹಡಗುಗಳು, ಇನ್ನೊಂದು ಕಡೆ ತೇಲಿ ಬರುವ ಅಂತರಗಂಗೆಯ ಹಸಿರು ಗುಂಪುಗಳು, ಮಧ್ಯೆ ತಾಮ್ರದ ತಟ್ಟೆಯಂಥ ನೀರು. "ಸದ್ದೇ ಇಲ್ಲ ಕಣ್ ಮಗ. ಇಂಜಿನ್ನಿಲ್ಲ, ಎತ್ತಿಲ್ಲ, ಚಾಟಿಯಿಲ್ಲ. ಆದ್ರೂ ಓಯ್ತಾ ಇರ್ತೀವಿ" ಎನ್ನುವಾಗ ಅವರ ಧ್ವನಿ ತಗ್ಗುತ್ತಿತ್ತು. ಅಷ್ಟರ ಮೇಲೆ ವಿವರಣೆ ಅವರಿಗೆ ಬರುತ್ತಿರಲಿಲ್ಲ.

ಊರಿಗೆ ಹಿಂತಿರುಗಿ ಎಷ್ಟೋ ಕಾಲ ಅವರು ನೀರಿನ ಮಾತೇ ಎತ್ತಿರಲಿಲ್ಲವಂತೆ. ಕಳೆದ ಹಿಂಗಾರಿನಲ್ಲಿ, ಗೆಟ್ಟವಾಡಿ ದಾರಿಯಲ್ಲಿರುವ ನಮ್ಮ ಕೆರೆ ನಾನು ಹುಟ್ಟಿದ ಮೇಲೆ ಮೊದಲ ಸಲ ತುಂಬಿತು. ಊರೆಲ್ಲ ಏರಿಯ ಮೇಲೆ ನಿಂತು ನೋಡಿತು. ದೊಡ್ಡಪ್ಪ ಮನೆಗೆ ಬಂದವರೇ ಕೊಟ್ಟಿಗೆಯಿಂದ ದನಗಳನ್ನು ಹೊರಗೆ ಕಟ್ಟಿ, ಆ ಜಾಗವನ್ನು ಗುಡಿಸಿದರು.

ಪ್ಲೈವುಡ್ಡನ್ನು ಕತ್ತರಿಸಿ, ಅಂಚುಗಳಿಗೆ ತೂತು ಕೊರೆದು, ತಾಮ್ರದ ತಂತಿಯಿಂದ ಒಂದಕ್ಕೊಂದನ್ನು ಹೊಲಿದರು. ಹೌದು, ಹೊಲಿದರು, ಬೇರೆ ಪದ ನನಗೆ ತೋಚುವುದಿಲ್ಲ. ದೊಡ್ಡಪ್ಪನ ಮಗಳು ರಂಜಿತ ಅಕ್ಕನ ಗಂಡ ಹಾಸನೂರಿನಲ್ಲಿ ಪಂಪಿನ ಮೋಟಾರು ಸುತ್ತುವ ಅಂಗಡಿ ಇಟ್ಟಿದ್ದಾರೆ. ಸುಟ್ಟ ಮೋಟಾರುಗಳಿಂದ ಬಿಚ್ಚಿದ ತಂತಿ ಅಲ್ಲಿಂದ ಬಂತು. ಹೊಲಿಗೆಯ ಮೇಲೆ ಅಂಟು ಮೆತ್ತಿ, ಮೀನಿನ ಎಣ್ಣೆಗೆ ಬದಲಾಗಿ, ಗಾಡಿಯ ಮರಕ್ಕೆ ಹಚ್ಚುವಂತೆ, ಒಳಗಿನ ಮರಕ್ಕೆಲ್ಲ ಹೊಂಗೆ ಎಣ್ಣೆ ಹಚ್ಚಿದರು. ಹಾಯಿಮರಕ್ಕೆ ಹೊಲದಂಚಿನ ಬಿದಿರು. ಮುಸುಕಿನ ಜೋಳ ಒಣಗಿಸುವ ನೀಲಿ ಟಾರ್ಪಾಲನ್ನು ಹಾಯಿಗೆಂದು ನನ್ನ ಮುಂದೆ ಹರಡಿ, "ರವಿಕೆ ಒಲ್ದಂಗೇ ಒಲೀಬೇಕು ಮಗ. ಚಪ್ಪಟೆ ಇರಬಾರ್ದು, ಎದೆ ಉಬ್ಬಿರಬೇಕು" ಎಂದು ಹೇಳಿ, ಹೇಳಿದ ಮೇಲೆ ತಾವೇ ನಾಚಿಕೊಂಡು ಬೇಲಿ ದಾಟಿ ಹೋದರು.

ಪ್ಲೈವುಡ್ಡು ತರಲು ಸತ್ಯಮಂಗಲಕ್ಕೆ ಹೋದದ್ದು ಬಿಳಿಗಿರಿಯ ಟೆಂಪೋದಲ್ಲಿ. ನಾನೂ ದಾರ ಕೊಳ್ಳಲು ಹೋಗಿದ್ದೆ. ಬಿಳಿಗಿರಿ ನಮ್ಮೂರಿನವನೇ, ಯಾರನ್ನಾದರೂ ಛೇಡಿಸದೆ ಅವನಿಗೆ ಹೊತ್ತು ಹೋಗದು. ಹಿಂತಿರುಗುವಾಗ ತಿರುವುಗಳ ಘಾಟಿ ಹತ್ತಿ ದಿಂಬಂನಲ್ಲಿ ಟೀ ಕುಡಿಯುತ್ತ ಶುರುಮಾಡಿದ.

"ಅಲ್ಲ ಮಾದಣ್ಣ, ಗಾಳಿ ಎದುರ್ಗೂ ದೋಣಿ ಓಯ್ತದ ಅಂತೀಯಲ್ಲ, ಕಣದಲ್ಲಿ ತೂರ್ದಾಗ ಜೊಳ್ಳು ಯಾವತ್ತಾರ ಗಾಳಿಗ ಎದ್ರಾಗಿ ಓಗಿದ್ದ ಕಂಡಿದ್ದೀಯಾ?"

"ನಿನ್ ಟೆಂಪೋ ಈ ಬೆಟ್ಟವ ನೆಟ್ಟಗ ಏರ್ತಾ? ಅತ್ತಗೊಂದ್ಸಲ ಇತ್ತಗೊಂದ್ಸಲ ತಿರುಗ್ಸಕಂಡು ತಾನೆ ಬಂದದ್ದು? ದೋಣೀನೂ ಅಂಗೇ ಕಣ್ಲಾ. ಗಾಳಿ ಅಂದ್ರ ಅದೂ ಒಂದು ಬೆಟ್ಟಾನೇ."

"ನನ್ ಟೆಂಪೋಗ ಡೀಸಲ್ಲದ. ನಿನ್ ದೋಣಿಗ ನಮ್ಮಕ್ಕನ ಬೈಗುಳ ಬುಟ್ರ ಇನ್ನೇನದ?"

ಬೈಗುಳವಾದರೂ ಇದ್ದಿದ್ದರೆ ದೊಡ್ಡಪ್ಪನಿಗೆ ಸಮಾಧಾನವಾಗುತ್ತಿತ್ತು. ಪುಟ್ಟಬಸಮ್ಮ ದೊಡ್ಡವ್ವ ದೋಣಿಯನ್ನು ಬೈಯಲೂ ಇಲ್ಲ, ನೋಡಲೂ ಇಲ್ಲ. ಹಾಲು ಕರೆಯಲು ಹಿತ್ತಿಲಿಗೆ ಹೋದರೆ ಕೊಟ್ಟಿಗೆಯ ಕಡೆಗೆ ಬೆನ್ನು ಮಾಡಿ ಕೂರುತ್ತಿದ್ದರು. ಒಂದು ಮಧ್ಯಾಹ್ನ ನನ್ನ ಯಂತ್ರದ ಪಕ್ಕ ಕುಳಿತು ಅವರೆಕಾಯಿ ಸುಲಿಯುತ್ತ, ಹಾಯಿಯ ನೀಲಿ ಅಂಚನ್ನು ಬೆರಳಿನಲ್ಲಿ ಮುಟ್ಟಿ, ತಾವಾಗಿಯೇ ಹೇಳಿದರು:

"ಸುಗ್ಗಿಗ ಬತ್ತಿದ್ದ ಕೂಸೇ, ಸುಗ್ಗಿ ಮುಗುದ್ರ ಓಯ್ತಿದ್ದ. ಅಲ್ಲೇನದ ಅಂತ ನಾನ್ ಕೇಳ್ನಿಲ್ಲ, ಅಂವ ಯೋಳ್ನಿಲ್ಲ. ಮನೇಗ ಬಂದ್ರೂವಿ ಕಿವಿಯ ಅಲ್ಲೇ ಬುಟ್ಟು ಬತ್ತಿದ್ದ. ಇನ್ನೊಬ್ಬಳು ಎಂಗ್ಸು ಇದ್ದಿದ್ರ ಜಗಳಾನಾರೂ ಆಡ್ಬೋದಿತ್ತು. ನೀರ್ ಮ್ಯಾಲೆ ಎಂಗಾಡ್ಲಿ?"

ಅದೇ ವಾರ ದೊಡ್ಡಪ್ಪನೂ, ಹೆಂಡತಿಯ ಮಾತು ಕೇಳಿಸಿಕೊಂಡಿರದಿದ್ದರೂ, ಉತ್ತರವೆಂಬಂತೆ ನನ್ನ ಹತ್ತಿರ ಅಂದರು: "ಬಾಯಲ್ಲಿ ಯೋಳಾಕಾಗ್ನಿಲ್ಲ ಮಗ. ಅವ್ಳು ಒಂದ್ಸಲ ಕೂತ್ರ ಸಾಕು. ಗೊತ್ತಾಯ್ತದ." ಕೊಟ್ಟಿಗೆಯಲ್ಲಿ ಅಷ್ಟು ತಿಂಗಳು ನಡೆದದ್ದು ಯಾರಿಗಾಗಿ ಎಂದು ನನಗೆ ತಿಳಿದದ್ದು ಆಗ.

ಆದರೆ ತೊಡಕು ಬೇರೆ ಕಡೆಯಿಂದ ಬಂತು. ತಮಿಳುನಾಡಿಗೆ ಸೇರಿದ ನಮ್ಮ ಈ ಬೆಟ್ಟದ ಮೇಲುನಾಡಿನಲ್ಲಿ ಗಾಳಿ ನಿಜವಾಗಿ ಬೀಸುವುದು ಆಷಾಢದಲ್ಲಿ. ಜ್ಯೇಷ್ಠ ಮುಗಿಯುತ್ತ ಬಂದರೂ ಕೊನೆಯ ಸಲ ಬಳಿದ ಅಂಟು ಒಣಗಿರಲಿಲ್ಲ. ಆಷಾಢದಲ್ಲಿ ಯಾವ ಹೊಸ ಕೆಲಸವನ್ನೂ ಹಿಡಿಯುವಂತಿಲ್ಲ. ಇತ್ತ ಜೋಳದ ಹೊಲಗಳ ಪಂಪುಗಳು ಕೆರೆಯನ್ನು ಕುಡಿಯುತ್ತಿದ್ದವು. ದಡದ ಕೆಸರು ದಿನದಿನಕ್ಕೆ ಅಗಲವಾಗುತ್ತಿತ್ತು. ಬಿಳಿಗಿರಿ ಲೆಕ್ಕ ಹಾಕಿ ಹೇಳಿದ: "ನಮ್ಮ ಆಸಾಡ ಮುಗಿಯೋಷ್ಟ್ರಲ್ಲಿ ತಮಿಳ್ರ ಆಡಿ ತಿಂಗಳು ನಡೀತಿರ್ತದ, ಅದ್ರಲ್ಲೂ ಒಸ ಕೆಲ್ಸ ಇಡಿಯಂಗಿಲ್ಲ. ಎರಡೂ ಕಳೆದು ನೀನು ದೋಣಿ ತತ್ತೀಯ, ಕೆರೇಲಿ ಎಮ್ಮೆ ಮನಗಿರ್ತವ."

ದೊಡ್ಡಪ್ಪ ಅಂಜುತ್ತಂಜುತ್ತ ಹೆಂಡತಿಯನ್ನು ಕೇಳಿದರು. ಅಡುಗೆ ಮನೆಯಿಂದ ಬಂದ ಉತ್ತರ ನಮ್ಮ ಜಗುಲಿಗೂ ಕೇಳಿಸಿತು: "ಆಸಾಡ್ದಲ್ಲಿ ಒಸ ಮಡಕೇನೇ ಒಲೆ ಮ್ಯಾಲಿಕ್ಕಲ್ಲ. ನೀರ್ಗ ದೋಣಿ ಬುಡ್ತೀಯಾ? ಮನೇಲಿ ಎಣ್ಣು ಮಕ್ಳು ಬಾಳಬ್ಯಾಡ್ವಾ?"

ದೊಡ್ಡಪ್ಪ ಹಾಯಿಯನ್ನು ಮಡಿಸಿ ಅಟ್ಟದ ಮೇಲಿಟ್ಟರು. ಕೆರೆ ಇನ್ನೊಮ್ಮೆ ತುಂಬುವುದು ಯಾವ ಕಾಲಕ್ಕೋ. ತುಂಬಿದಾಗ ತಾವು ಇರುತ್ತೇವೆಯೋ ಇಲ್ಲವೋ. ಅಂದು ಅವರು ಕೊಟ್ಟಿಗೆಯ ಬಾಗಿಲಲ್ಲಿ ಕೂತ ರೀತಿ ನೋಡಿ ನನಗೆ ಹೊಲಿಗೆ ಸಾಗಲಿಲ್ಲ.

ಜ್ಯೇಷ್ಠದ ಕೊನೆಯ ದಿನ ಬೆಳಿಗ್ಗೆ ದೊಡ್ಡಪ್ಪ ಸಂತೆಗೆ ಹೋಗಿದ್ದಾಗ ದೊಡ್ಡವ್ವ ಬೇಲಿಯ ಹತ್ತಿರ ಬಂದು, "ಬಾ ಕೂಸೇ, ಇದ ಒಂದ್ಕಡಿಂದ ಇಡ್ಕೊ" ಎಂದರು. ದೋಣಿಯ ಚುಕ್ಕಾಣಿ ಅವರ ಕೈಯಲ್ಲಿತ್ತು. ಇಬ್ಬರೂ ಅದನ್ನು ಹಿಡಿದುಕೊಂಡು ಕೆರೆಗೆ ಹೋದೆವು. ದೊಡ್ಡವ್ವ ಅದಕ್ಕೆ ವಿಭೂತಿ ಬಳಿದು, ಅರಿಶಿನ ಕುಂಕುಮ ಇಟ್ಟು, ಕೆಸರಿನಲ್ಲಿ ಮೊಣಕಾಲುದ್ದ ಇಳಿದು, ನೀರಿನಲ್ಲಿ ಮುಳುಗಿಸಿ ಎತ್ತಿದರು. ನನಗೆ ಕೂಡಲೇ ಹೊಳೆಯಿತು. ಆಷಾಢ ಬಂತು, ಹೊಲ ಇನ್ನೂ ಬಿತ್ತಿಲ್ಲ ಎಂದಾದರೆ ನಮ್ಮವರು ಹಿಂದಿನ ದಿನ ಒಂದು ಮೂಲೆಯಲ್ಲಿ ಒಂದು ಹಿಡಿ ಕಾಳು ಹಾಕಿ ಬರುತ್ತಾರೆ. ಆಮೇಲೆ ಬಿತ್ತುವುದು ಹೊಸ ಕೆಲಸವಲ್ಲ, ಹಿಡಿದ ಕೆಲಸದ ಮುಂದುವರಿಕೆ.

"ಅವನ್ಗ ಈಗ್ಲೇ ಯೋಳ್ಬ್ಯಾಡ" ಎಂದರು ದೊಡ್ಡವ್ವ, ಸೀರೆ ಹಿಂಡಿಕೊಳ್ಳುತ್ತ. "ಸ್ವಲ್ಪ ಉರ್ಕಳ್ಲಿ."

ಗಾಳಿ ಎದ್ದು, ಮನೆಯ ಹೆಂಚುಗಳು ಸದ್ದು ಮಾಡತೊಡಗಿದ ದಿನ ಹೇಳಿದರು. ದೊಡ್ಡಪ್ಪ ಉಣ್ಣುತ್ತಿದ್ದವರು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದರಂತೆ. ಬಿಳಿಗಿರಿ ಟೆಂಪೋ ತಂದ. ದೋಣಿ ನೀರಿಗಿಳಿದು ನಿಂತಾಗ ದೊಡ್ಡಪ್ಪ ಹೆಂಡತಿಯತ್ತ ಕೈ ಚಾಚಿ, ಊರೆಲ್ಲ ನೋಡುತ್ತಿದೆ ಎಂಬುದನ್ನೂ ಮರೆತು, "ಬಾಮ್ಮಿ" ಎಂದರು.

ದೊಡ್ಡವ್ವ ಸೆರಗನ್ನು ಸೊಂಟಕ್ಕೆ ಬಿಗಿದು, ಕೈ ಹಿಡಿಯದೆ, ತಾವಾಗಿಯೇ ಹತ್ತಿ ಕುಳಿತರು.

ಆಚೆ ದಡಕ್ಕೆ ಹೋದದ್ದು ಸುಲಭ, ಗಾಳಿಯೇ ಒಯ್ದಿತು. ಬಿಳಿಗಿರಿ ಹಗ್ಗ ಹೆಗಲಿಗೆ ಹಾಕಿಕೊಂಡು, ಎಳೆದು ತರುವ ಕೆಲಸ ಹೇಗೂ ತನ್ನದೇ ಎಂದು ಕೆರೆ ಸುತ್ತಿ ಹೊರಟ. ಅಲ್ಲಿ ದೋಣಿ ತಿರುಗಿತು. ನಾನು ಹೊಲಿದ ಹಾಯಿ ಮೊದಲು ಪಟಪಟ ಬಡಿದುಕೊಂಡು, ಆಮೇಲೆ ಗಟ್ಟಿಯಾಗಿ ಉಬ್ಬಿತು. ದೋಣಿ ಒಂದು ಪಕ್ಕಕ್ಕೆ ವಾಲಿ, ನಮ್ಮ ಕಡೆಗಲ್ಲ, ಓರೆಯಾಗಿ ಇನ್ನೆಲ್ಲಿಗೋ ಹೋಗತೊಡಗಿತು. ಅಲ್ಲಿಂದ ತಿರುಗಿ ಮತ್ತೊಂದು ಓರೆ. ಎರಡನೆಯ ತಿರುವಿನಲ್ಲಿ ಜೊಂಡಿನೊಳಗೆ ಸಿಕ್ಕಿಕೊಂಡು ನಿಂತುಬಿಟ್ಟಿತು. ಬಿಳಿಗಿರಿ ದಡದಿಂದ ಹಗ್ಗ ಬೀಸಿ ಎಸೆದ. ಅದು ದೊಡ್ಡವ್ವನ ಮಡಿಲಿಗೇ ಬಿತ್ತು.

"ಇಡ್ಕೊ ಅಕ್ಕ, ಎಳೀತೀನಿ!"

ದೊಡ್ಡವ್ವ ಹಗ್ಗವನ್ನು ಎತ್ತಿ ನೀರಿಗೆ ಹಾಕಿದರು. "ಬುಡ್ಲಾ ನಿನ್ ಅಗ್ಗವ! ಅಂವ ತತ್ತಾನ" ಎಂದು ಅವರು ಕೂಗಿದ್ದು ಏರಿಯ ಮೇಲಿದ್ದ ನಮಗೆಲ್ಲ ಕೇಳಿಸಿತು.

ದೊಡ್ಡಪ್ಪ ಹುಟ್ಟುಗೋಲಿನಿಂದ ಜೊಂಡನ್ನು ನೂಕಿ ಬಿಡಿಸಿಕೊಂಡರು. ಮತ್ತೆ ಒಂದು ಓರೆ, ಮತ್ತೊಂದು. ಹತ್ತಿರವಾಗುತ್ತಿದ್ದಾರೆ ಎಂದು ಯಾರಿಗೂ ಅನ್ನಿಸದಂತೆಯೇ ಹತ್ತಿರವಾಗುತ್ತ, ಎದುರುಗಾಳಿಯಲ್ಲಿ, ಸದ್ದಿಲ್ಲದೆ, ಅವರಿಬ್ಬರೂ ನಾವು ನಿಂತಲ್ಲಿಗೆ ಬಂದರು. ಬಿಳಿಗಿರಿ ಏರಿಗೆ ಹಿಂತಿರುಗಿ ಒದ್ದೆ ಹಗ್ಗ ಸುತ್ತಿಕೊಳ್ಳುತ್ತಿದ್ದ.

ದೊಡ್ಡವ್ವ ಕೂಡಲೇ ಇಳಿಯಲಿಲ್ಲ. ದೋಣಿಯ ಅಂಚಿನ ಮೇಲೆ ಅಂಗೈ ಇಟ್ಟುಕೊಂಡು, ನೀರನ್ನು ನೋಡುತ್ತ ಹೇಳಿದರು: "ಇಷ್ಟ್ ಚೆಂದಾಗಿದ್ರ, ನಾನಾಗಿದ್ರೂ ಸುಗ್ಗೀಗೂ ಬತ್ತಿರ್ನಿಲ್ಲ ಕಣ."

ದೊಡ್ಡಪ್ಪ ಹಾಯಿಯ ಹಗ್ಗವನ್ನು ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿ ಬಹಳ ಹೊತ್ತು ಕುಳಿತಿದ್ದರು.

ದೂರ ಹೋಗಿ ಬಂದವರು ನಮ್ಮ ಬೆಟ್ಟದಲ್ಲಿ ಬೇಕಾದಷ್ಟು ಜನ ಇದ್ದಾರೆ. ತಿರುಪ್ಪೂರಿನ ಬನಿಯನ್ ಮಿಲ್ಲಿಗೆ, ಕೊಡಗಿನ ತೋಟಕ್ಕೆ, ಕೇರಳದ ಹೋಟೆಲುಗಳಿಗೆ ಹೋದವರೆಲ್ಲರೂ ಅಲ್ಲಿ ಕಷ್ಟವನ್ನಷ್ಟೇ ಕಂಡವರಲ್ಲ. ಮನೆಯವರಿಲ್ಲದಾಗ ಒಂದು ಸುಖವನ್ನೂ ಕಂಡಿರುತ್ತಾರೆ. ಕಷ್ಟವನ್ನು ಮನೆಯಲ್ಲಿ ಹೇಳಿಕೊಳ್ಳಬಹುದು. ಆ ಸುಖವನ್ನು ಹೇಳಲು ಅವರಿಗೆ ಬಾಯಿ ಬಾರದು. ಹೇಳಿದರೆ ಕಾದು ಕುಳಿತಿದ್ದವರಿಗೆ ನೋವಾದೀತೆಂಬ ಅಂಜಿಕೆ. ಆದ್ದರಿಂದ ಹೆಚ್ಚಿನವರು ಅದನ್ನು ನುಂಗಿಕೊಂಡು, ವಯಸ್ಸಾಗುತ್ತ ಸಿಡುಕರಾಗುತ್ತಾರೆ, ಇಲ್ಲವೆ ಮಂಕಾಗುತ್ತಾರೆ. ಎಲ್ಲೋ ಒಬ್ಬರು ಮಾತ್ರ, ಆ ಸುಖದಲ್ಲಿ ಇನ್ನೊಬ್ಬರಿಗೂ ಒಂದು ಜಾಗವಿದೆಯೆಂದು ನಂಬಿ, ಎಷ್ಟು ತಡವಾಗಿದ್ದರೂ, ಆ ಜಾಗವನ್ನು ತಮ್ಮ ಕೈಯಿಂದಲೇ ಕಟ್ಟಿ, ಬಂದು ಕೂರೆಂದು ಕರೆಯುತ್ತಾರೆ.