ಮೆಟಪಾಂಟಮ್ಮನ ಅವಳಿಗಳು

"ನಾಣ್ಯದ ಈ ಎರಡನೇ ತಟ್ಟೆ ಯಾರದು ಸರ್?" ಎಂದು ನಯನ ಕೇಳಿದಾಗ ಶಶಿಧರ್ ಕುರ್ಚಿ ಹತ್ತಿ ಗೋಡೆಗೆ ಹಳೇ ಗ್ರೀಕ್ ಊರುಗಳ ನಕ್ಷೆ ಅಂಟಿಸುತ್ತಿದ್ದ.

"ನಮ್ಮ ಗೆಳೆಯ ಯಾಸೀನ್‌ದು ಮೇಡಂ. ಮೊದಲನೇದು ನಂದು. ಪಕ್ಕಪಕ್ಕ ಇಟ್ಟು ನೋಡಿ, ಒಂಬತ್ತಕ್ಕೆ ಒಂಬತ್ತೂ ಅವಳಿ. ಒಂದೇ ಅಚ್ಚಲ್ಲಿ ಹುಟ್ಟಿದವು." ಅವನ ದನಿಯಲ್ಲಿ ಹೆಮ್ಮೆ ಇತ್ತು. ನಾಳೆ ಬೆಳಿಗ್ಗೆ ನಾಣ್ಯ ಪ್ರದರ್ಶನಕ್ಕೆಂದು ಈ ಹಾಲ್‌ಗೆ ಬರುವ ಮಂಡ್ಯದ ಜನಕ್ಕೆಲ್ಲ ಈ ಮಾತನ್ನೇ ಹೇಳಬೇಕೆಂದು ಅವನು ವಾರದಿಂದ ಬಾಯಿಪಾಠ ಮಾಡಿಕೊಂಡಿದ್ದ.

ಹಳೆಯ ನಾಣ್ಯಗಳ ಬಗ್ಗೆ ಓದಿಕೊಂಡವಳೆಂದು ಕಾಲೇಜಿನವರು ನಯನಳನ್ನು ಮೈಸೂರಿನಿಂದ ಕರೆಸಿದ್ದರು. ಮಗಳ ವಯಸ್ಸಿನ ಹುಡುಗಿ. ಬಂದಾಗಿನಿಂದ ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು ಕಿಟಕಿಯ ಬೆಳಕಿನಲ್ಲೇ ಕೂತಿದ್ದಳು. ತಟ್ಟೆಗೊಂದರಂತೆ ಎರಡು ನಾಣ್ಯಗಳನ್ನು ಎರಡು ಬೆರಳ ತುದಿಯಲ್ಲಿ ಎತ್ತಿ ಹಿಡಿದು, "ಒಂದು ನಿಮಿಷ ಇಳಿದು ಬನ್ನಿ ಸರ್" ಎಂದಳು.

ಶಶಿಧರ್ ಇಳಿದು ಬಂದ.

"ನಿಮ್ಮವು ಸರಿಯಾಗಿವೆ. ಈ ಎರಡನೇ ತಟ್ಟೆಯವು ಒಂದೂ ಸರಿಯಿಲ್ಲ. ಏಟು ಹೊಡೆದು ಮುದ್ರಿಸಿದ್ದಲ್ಲ, ಎರಕ ಹೊಯ್ದ ನಕಲು. ಇಲ್ಲಿ ಗುಳ್ಳೆ ಗುರುತು ನೋಡಿ, ಅಂಚಲ್ಲಿ ಅರ ಹಾಕಿದ ಗೆರೆ ನೋಡಿ."

"ಅಚ್ಚು ಒಂದೇ ಆಗಿದ್ದಕ್ಕೆ ಹಂಗೆ ಕಾಣುತ್ತೆ..."

"ಅಚ್ಚು ಒಂದೇ ಆದರೆ ಚಿತ್ರ ಒಂದೇ ಇರುತ್ತೆ ಸರ್. ಏಟು ಒಂದೇ ಇರಲ್ಲ. ನಿಮ್ಮ ನಾಣ್ಯದ ಮೇಲೆ ಯಾವುದೋ ಕಾಲದಲ್ಲಿ ಬಿದ್ದ ಗೀರು ಆ ನಾಣ್ಯದ ಮೇಲೂ ಹೇಗೆ ಬಂತು?" ಎರಡೂ ನಾಣ್ಯಗಳನ್ನು ಅವನ ಕಣ್ಣೆದುರು ಹಿಡಿದಳು. "ನಿಮ್ಮದರಿಂದಲೇ ಅಚ್ಚು ತೆಗೆದು ಅವರದನ್ನ ಮಾಡಿದ್ದಾರೆ. ನಿಮ್ಮ ನಾಣ್ಯಗಳನ್ನ ಯಾವಾಗಾದರೂ ಯಾರ ಕೈಗಾದರೂ ಕೊಟ್ಟಿದ್ದಿರಾ?"

"ಇಲ್ಲ. ಬೀರುವಿನ ಬೀಗದ ಕೈ ನನ್ನ ಹತ್ರಾನೇ ಇರೋದು."

"ಹಾಗಾದರೆ..." ಎಂದವಳು ಮಾತು ನಿಲ್ಲಿಸಿ ಸೆರಗಿನಿಂದ ಭೂತಗನ್ನಡಿ ಒರೆಸತೊಡಗಿದಳು. ಅದು ಮೊದಲೇ ಚೊಕ್ಕಟವಾಗಿತ್ತು.

ಅವಳು ನುಂಗಿಕೊಂಡ ಮಾತು ಏನೆಂದು ಶಶಿಧರನಿಗೆ ಹೊಳೆಯಲು ಒಂದು ಗಳಿಗೆ ಹಿಡಿಯಿತು. ಹೊಳೆದ ಮೇಲೆ ಕಿವಿ ಬಿಸಿಯಾಯಿತು. ಇಪ್ಪತ್ತೆಂಟು ವರ್ಷ ಪಾಠ ಹೇಳಿದ ಮೇಷ್ಟರನ್ನು, ಗೆಳೆಯನಿಗೆ ಖೋಟಾ ನಾಣ್ಯ ಅಂಟಿಸಿದವನೆಂದು ಈ ಹುಡುಗಿ ತಿಳಿದಿದ್ದಾಳೆ! ಎರಡೂ ತಟ್ಟೆಯಿಂದ ಒಂದೊಂದು ನಾಣ್ಯ ತೆಗೆದು ಕರವಸ್ತ್ರದಲ್ಲಿ ಗಂಟು ಹಾಕಿಕೊಂಡು, "ಬಂದೆ ಮೇಡಂ" ಎಂದಷ್ಟೇ ಹೇಳಿ ಸ್ಕೂಟರಿನ ಕಡೆ ನಡೆದ.

ಯಾಸೀನ್‌ನ ರೇಡಿಯೇಟರ್ ರಿಪೇರಿ ಅಂಗಡಿ ಇದ್ದದ್ದು ಮದ್ದೂರಿನ ಹತ್ತಿರ ಸೋಮನಹಳ್ಳಿಯಲ್ಲಿ, ಹಳೇ ಹೆದ್ದಾರಿಯ ಪಕ್ಕ. ಪಿಯುಸಿಯಲ್ಲಿ ಇಬ್ಬರೂ ಒಂದೇ ಬೆಂಚು. ಶಶಿಧರ್ ಹೊಳಲಿನ ಗದ್ದೆ ಮನೆಯ ಹುಡುಗ, ಮುಂದೆ ಓದಿ ಮೇಷ್ಟರಾದ. ಯಾಸೀನ್ ಅಪ್ಪನ ಅಂಗಡಿಗೆ ಕೂತ. ನಾಣ್ಯದ ಹುಚ್ಚು ಇಬ್ಬರಿಗೂ ಒಟ್ಟಿಗೇ ಹಿಡಿದದ್ದು ನಲವತ್ತರ ಸುಮಾರಿಗೆ. ಯಾವುದೋ ಪತ್ರಿಕೆಯಲ್ಲಿ ಒಂದು ಬೆಳ್ಳಿ ನಾಣ್ಯದ ಚಿತ್ರ ಬಂದಿತ್ತು. ಒಂದು ಮಗ್ಗುಲಿಗೆ ಹೆಣ್ಣುದೇವತೆಯ ಮುಖ, ಇನ್ನೊಂದು ಮಗ್ಗುಲಿಗೆ ತುಂಬಿದ ತೆನೆ. ಅದು ಭತ್ತದ ತೆನೆಯೆಂದೇ ಶಶಿಧರ್ ಮೊದಲು ತಿಳಿದಿದ್ದ. ಆಮೇಲೆ ಗೊತ್ತಾಯಿತು, ಜವೆಗೋಧಿ; ಎರಡು ಸಾವಿರ ವರ್ಷಕ್ಕೂ ಹಿಂದೆ ಇಟಲಿಯ ತೆಂಕಣ ಕಡಲ ದಂಡೆಗೆ ಬಂದು ನೆಲೆಸಿದ ಗ್ರೀಕರು ಕಟ್ಟಿದ ಮೆಟಪಾಂಟಮ್ ಎಂಬ ಊರಿನದು. ಬೆಳೆಯಿಂದಲೇ ಬದುಕಿದ ಊರು ತನ್ನ ದುಡ್ಡಿನ ಮೇಲೆ ತೆನೆಯನ್ನೇ ಮುದ್ರಿಸಿತ್ತು. "ಮೆಟಪಾಂಟಮ್ಮ! ನಿಮ್ಮೂರ ದ್ಯಾವ್ರು ಪಟ್ಟಲಮ್ಮನ ಅಕ್ಕ ಇರ್ಬೇಕು ಕಣ್ಲಾ," ಎಂದು ಯಾಸೀನ್ ನಕ್ಕಿದ್ದ. ಅವತ್ತಿನಿಂದ ಆ ಊರಿಗೆ ಅದೇ ಹೆಸರು ನಿಂತಿತು. ಬೇರೆ ಊರಿನ ನಾಣ್ಯ ಬೇಡ, ಮೆಟಪಾಂಟಮ್ಮನದು ಮಾತ್ರ. ವ್ಯಾಪಾರಿಗೆ ಬರೆದು ತರಿಸುವ ಕೆಲಸ ಯಾಸೀನ್‌ದು; ತರಿಸಿದರೆ ಒಂದೇ ಅಚ್ಚಿನ ಎರಡು, ಅವರವರ ದುಡ್ಡಿಗೆ ಒಬ್ಬೊಬ್ಬರಿಗೆ ಒಂದೊಂದು. ಮನೆಗೆ ತರಿಸಿದರೆ ಶಶಿಧರನ ಹೆಂಡತಿ ಕವಿತ ಮುಖ ಊದಿಸುತ್ತಾಳೆಂದು ಪಾರ್ಸೆಲ್ಲುಗಳೆಲ್ಲ ಸೋಮನಹಳ್ಳಿಯ ಅಂಗಡಿಗೇ ಬರುತ್ತಿದ್ದವು. ಭಾನುವಾರ ಹೋಗಿ ತನ್ನ ಪಾಲಿನದನ್ನು ತರುವುದು ಶಶಿಧರನ ಹಬ್ಬ.

ಪಾಪ, ಅವನಿಗೆ ಹೇಗೆ ಹೇಳುವುದು ಎಂದುಕೊಳ್ಳುತ್ತ ಶಶಿಧರ್ ಗೆಜ್ಜಲಗೆರೆ ದಾಟಿದ. ಮಾರಿದವನು ಮೋಸಗಾರ, ಒಂದು ಅಸಲಿ, ಒಂದು ನಕಲಿ ಕಳಿಸಿದ್ದಾನೆ. ಯಾಸೀನ್‌ನ ನಸೀಬಿಗೆ ಪ್ರತಿ ಸಲವೂ ನಕಲಿಯೇ ಬಂದಿದೆ. ಪ್ರತಿ ಸಲವೂ? ಒಂಬತ್ತು ಸಲವೂ?

ಆಗ ಐದನೇ ನಾಣ್ಯ ನೆನಪಾಯಿತು. ಅದರಲ್ಲಿ ಯಾಸೀನ್‌ನ ತೆನೆ ಬಲು ಚೆಂದ, ಒಂದೊಂದು ಕಾಳೂ ಎದ್ದು ಕಾಣುತ್ತಿತ್ತು. ತನ್ನದು ಸವೆದಿತ್ತು. "ಅದಲು ಬದಲು ಮಾಡ್ಕಳನ ಕೊಡ್ಲಾ," ಎಂದು ಗೋಗರೆದಿದ್ದ. ಜೊತೆಗೆ ಇನ್ನೊಂದು ನಾಣ್ಯವನ್ನೂ ಕೊಡುತ್ತೇನೆಂದಿದ್ದ. ಯಾಸೀನ್ ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ. ಎಂಥ ಜಿಪುಣ ಎಂದು ಶಶಿಧರ್ ಮೂರು ತಿಂಗಳು ಮಾತು ಬಿಟ್ಟಿದ್ದ. ಅದು ಜಿಪುಣತನವಲ್ಲದೆ ಇದ್ದರೆ?

ಅವನ ಕೈ ತಾನಾಗಿ ಬ್ರೇಕ್ ಹಿಡಿಯಿತು. ಹಿಂದೆ ಬರುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿನವನು ಬೈದುಕೊಂಡು ಪಕ್ಕಕ್ಕೆ ಹೋದ. ಶಶಿಧರ್ ಸ್ಕೂಟರನ್ನು ಮಣ್ಣಿಗಿಳಿಸಿ ಕಾಲೂರಿ ನಿಂತ. ಎದುರಿನ ಎಳನೀರಿನವಳು ಎರಡು ಸಲ ಕೂಗಿದ್ದೂ ಅವನಿಗೆ ಕೇಳಿಸಲಿಲ್ಲ.

ಅಂಗಡಿ ತಲುಪಿದಾಗ ಯಾಸೀನ್ ಕುಕ್ಕರುಗಾಲಲ್ಲಿ ಕೂತು ಒಂದು ರೇಡಿಯೇಟರಿಗೆ ಬೆಸುಗೆ ಹಾಕುತ್ತಿದ್ದ. ಬೈಪಾಸ್ ರಸ್ತೆ ಬಂದ ಮೇಲೆ ಲಾರಿಗಳೆಲ್ಲ ಅತ್ತ ಹೊರಳಿ, ಈ ಕಡೆ ಕೆಲಸ ಕಮ್ಮಿಯಾಗಿತ್ತು.

"ಏನ್ಲಾ, ನಾಳೆ ಓಪನಿಂಗ್ ಮಡಿಕೊಂಡು ಈಗ್ ಬಂದೀಯ? ನಾನು ಹೊಸ ಸರ್ಟು ಇಸ್ತ್ರಿ ಮಾಡ್ಸಿವ್ನಿ."

ಶಶಿಧರ್ ಕರವಸ್ತ್ರದ ಗಂಟು ಬಿಚ್ಚಿ ಬೆಂಚಿನ ಮೇಲಿಟ್ಟ. ಯಾಸೀನ್ ಎರಡು ನಾಣ್ಯಗಳನ್ನೂ ನೋಡಿದ. ಗೆಳೆಯನ ಮುಖ ನೋಡಿದ. ಬೆಂಕಿಯ ಟಾರ್ಚು ಆರಿಸಿದ. ಆ ಭುಸುಗುಟ್ಟುವ ಸದ್ದು ನಿಂತ ಮೇಲೆ ಅಂಗಡಿ ಒಮ್ಮೆಗೇ ದೊಡ್ಡದಾದ ಹಾಗಾಯಿತು.

"ಮೈಸೂರಿಂದ ಮೇಡಂ ಬತ್ತಾರೆ ಅಂತ ನೀನೇ ಏಳಿದ್ದೆ. ಇಷ್ಟ್ ಬಿರ್ನೆ ನೋಡ್ಬುಡ್ತಾರೆ ಅಂತ ಅನ್ಕಂಡಿರ್ನಿಲ್ಲ," ಎಂದ.

"ಯಾಸೀನ್, ಇವು..."

"ನಾನೇ ಮಾಡಿದ್ದು."

"ಯಾವ್ದು? ಇದೊಂದಾ?"

"ಎಲ್ಲಾನೂವೆ."

"ಒಂದಾರೂ..."

"ಒಂದೂ ಇಲ್ಲ ಕಣ್ಲಾ. ಬತ್ತಿದ್ದಿದ್ದೇ ಒಂದು. ಅದು ನಿಂದು. ನಿಂಗೆ ಪೋನು ಮಾಡಕ್ ಮುಂಚೆ ಒಂದು ವಾರ ನನ್ತಾವ ಮಡಿಕತ್ತಿದ್ದೆ. ನುಣ್ಣನ್ ಜೇಡಿಮಣ್ಣಲ್ಲಿ ಒತ್ತಿ ಅಚ್ಚು ತೆಗೆಯಾದು. ನಮ್ಮಪ್ಪ ಇತ್ತಾಳೆ ಬೀಗ ಎರಕ ಉಯ್ತಿರ್ನಿಲ್ವಾ, ಅದೇ ಕೆಲ್ಸ."

ಶಶಿಧರ್ ಅಲ್ಲಿದ್ದ ಟಯರಿನ ಮೇಲೆ ಕೂತ. ಹದಿನಾಲ್ಕು ವರ್ಷದ ಭಾನುವಾರಗಳು. ಇಬ್ಬರೂ ಒಂದೇ ಭೂತಗನ್ನಡಿಯನ್ನು ಕಿತ್ತಾಡಿಕೊಂಡು ನೋಡಿದ್ದು, ನಿನ್ನ ಮೆಟಪಾಂಟಮ್ಮನ ಮೂಗು ಸೊಟ್ಟ, ನನ್ನಮ್ಮನ ಮೂಗು ನೆಟ್ಟಗೆ ಎಂದು ಜಗಳವಾಡಿದ್ದು. ಅವೆಲ್ಲ ಏನು ಹಾಗಾದರೆ?

"ನಿನ್ ಐದ್ನೇದು," ಅವನ ದನಿ ಕೀರಲಾಯಿತು, "ಅದು ನನ್ನದಕ್ಕಿಂತ ಚೆನ್ನಾಗಿತ್ತಲ್ಲೋ!"

"ನಿಂದ್ರಲ್ಲಿ ಕಾಳು ಸವ್ದೋಗಿದ್ವು. ನೋಡಕ್ ಆಗ್ನಿಲ್ಲ. ಅಚ್ಚಲ್ಲೇ ವಸಿ ತಿದ್ದಿದೆ." ಯಾಸೀನ್ ತಲೆ ತಗ್ಗಿಸಿದ. "ಅದೊಂದ್ರಲ್ಲೇ ತೆಪ್ಪು ಮಾಡ್ದೆ. ನೀನು ಬದ್ಲಾಯ್ಸು ಅಂತ ಅಟ ಇಡಿದಾಗ ಜೀವ ಬಾಯಿಗ್ ಬಂದಿತ್ತು."

ಹಿಂದಿನ ಮನೆಯಿಂದ ಬಾಗಿಲ ಪರದೆ ಸರಿಸಿ ಅಂಜುಮ್ ಬಂದಳು. ಗಂಡನ ಮುಖ, ಶಶಿಧರನ ಮುಖ, ಬೆಂಚಿನ ಮೇಲಿನ ನಾಣ್ಯ ಕಂಡು ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

"ನಂಗೆ ಗೊತ್ತಿತ್ತು ಅಣ್ಣ," ಎಂದಳು. "ಬೆಳ್ಳಿ ನಂದೇ. ನನ್ನ ಮದುವೆ ಗೆಜ್ಜೆ. ಹಾಕ್ಕೊಳಾಕೆ ಕಾಲು ದಪ್ಪ ಆಗಿತ್ತು, ತಗೊಳ್ಳಿ ಅಂದೆ."

"ಯಾಕೆ ಅಂಜುಮ್? ಯಾಕೋ ಯಾಸೀನ್? ಮೊದಲ್ನೇ ಸಲಾನೇ ಅಷ್ಟು ದುಡ್ಡು ನನ್ನ ಕೈಲಿ ಆಗಲ್ಲ ಅಂದಿದ್ರೆ ಆಯ್ತಿರಲಿಲ್ವಾ?"

"ಆಗಲ್ಲ ಅಂದಿದ್ರೆ ನೀನೇನ್ ಮಾಡ್ತಿದ್ದೆ ಏಳು. ನಂದ್ಕೂ ನೀನೇ ದುಡ್ ಕೊಡ್ತಿದ್ದೆ. ಕೊಡ್ತಿದ್ದೆ ತಾನೆ?"

ಶಶಿಧರ್ ಕೊಡುತ್ತಿದ್ದ. ಎರಡನೇ ಮಾತಿಲ್ಲದೆ ಕೊಡುತ್ತಿದ್ದ.

"ಅದ್ಕೇಯ. ಒಂದೇ ಇದ್ದಿದ್ರೆ ನೀನು ತೋರ್ಸೋನು, ನಾನು ನೋಡೋನು. ಎಲ್ಡಿದ್ರೆ ಇಬ್ರೂ ನೋಡೋರು." ಯಾಸೀನ್ ಮಸಿ ಹಿಡಿದ ಕೈಗಳನ್ನು ಮೊಣಕಾಲಿಗೆ ಒರೆಸಿಕೊಂಡ. "ತೆಪ್ಪು ಅನ್ನು. ಬೈ. ಆದ್ರೆ ನಾನು ಯಾರ್ಗೂ ಮಾರ್ನಿಲ್ಲ, ಯಾರ್ಗೂ ಮೋಸ ಮಾಡ್ನಿಲ್ಲ. ನಿಂಗೊಬ್ನಿಗೇಯ."

ಶಶಿಧರನಿಗೆ ಸಿಟ್ಟು ಇತ್ತು, ಖಂಡಿತ ಇತ್ತು. ಆದರೆ ಯಾರ ಮೇಲೆ ಎಂದು ಅದಕ್ಕೇ ಗೊತ್ತಿದ್ದ ಹಾಗೆ ಕಾಣಲಿಲ್ಲ. ಅಷ್ಟರಲ್ಲಿ ಜೇಬಿನ ಫೋನು ಹೊಡೆದುಕೊಂಡಿತು. ನಯನ.

"ಸರ್, ಪ್ರಿನ್ಸಿಪಾಲರು ಫಲಕ ಬರೆಯೋದಕ್ಕೆ ಕಾಯ್ತಿದ್ದಾರೆ. ಎರಡನೇ ತಟ್ಟೆ ವಿಷಯ ಏನು ಹೇಳಲಿ? ಅವರಿಗೆ ಇನ್ನೂ ಹೇಳಿಲ್ಲ."

ಯಾಸೀನ್‌ನ ಇಸ್ತ್ರಿಯಾದ ಅಂಗಿ ಒಳಬಾಗಿಲ ಮೊಳೆಗೆ ನೇತುಬಿದ್ದಿತ್ತು, ತಿಳಿನೀಲಿ. ಅದನ್ನು ನೋಡುತ್ತಲೇ ಶಶಿಧರ್ ಹೇಳಿಬಿಟ್ಟ: "ಮೇಡಂ, ಅವು ನಕಲಿ ಅಂತ ನನಗೆ ಗೊತ್ತಿತ್ತು. ನಾನೇ ಮಾಡಿಸಿ ಅವನಿಗೆ ಕೊಟ್ಟಿದ್ದು. ಅವನ ತಪ್ಪೇನೂ ಇಲ್ಲ."

ಯಾಸೀನ್ ಎದ್ದು ನಿಂತಿದ್ದ. ಅವನ ಮುಖ ಶಶಿಧರ್ ಎಂದೂ ಕಾಣದ ಹಾಗೆ ಬಿಗಿದುಕೊಂಡಿತ್ತು.

"ಯಾರ್ಲಾ ಕೇಳುದ್ರು ನಿನ್ನ?" ಎಂದು ಫೋನು ಕಿತ್ತುಕೊಂಡ. "ಮೇಡಂ, ನಮಸ್ಕಾರ. ನಾನು ಯಾಸೀನು, ಸೋಮ್ನಳ್ಳಿ. ಮೇಷ್ಟ್ರು ಸುಳ್ ಏಳ್ತಾವ್ರೆ. ಅವು ನನ್ ಕೈಲಿ ಆದವು. ನಾನೇ ಮಾಡಿ ನಾನೇ ಮಡಿಕಂಡಿದ್ದು... ಊಂ... ಇಲ್ಲ ಮೇಡಂ, ಮಾರಾಕಲ್ಲ. ಜೊತೆಗಿರ್ಲಿ ಅಂತ."

ಆಕೆ ಏನೋ ಕೇಳಿದಳು. ಯಾಸೀನ್ ಕಿವಿಗೊಟ್ಟು ಕೇಳಿದ. "ಬರೀರಿ ಮೇಡಂ, ನಕಲು ಅಂತ್ಲೇ ಬರೀರಿ. ಮಾಡ್ದೋನ ಎಸ್ರೂ ಬರೀರಿ," ಎಂದ. ದನಿ ಒಂದು ಕಡೆ ಒಡೆಯಿತು, ಮತ್ತೆ ಕೂಡಿಕೊಂಡಿತು. ಆಕೆ ಇನ್ನೂ ಏನೋ ಕೇಳುತ್ತಿದ್ದಳು.

ಹೊರಗೆ ಒಂದು ಟೆಂಪೊ ಬುಸಬುಸ ಆವಿ ಬಿಡುತ್ತ ಬಂದು ನಿಂತಿತು. ಡ್ರೈವರ್ ಜಿಗಿದು, "ಸಾಬ್ರೇ, ಬಿರ್ನೆ ಬನ್ನಿ, ಕುದ್ದೋಯ್ತು," ಎಂದು ಕೂಗಿದ. ಯಾಸೀನ್ ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು ಅತ್ತ ನಡೆದ. ನಡೆಯುತ್ತಲೇ ಶಶಿಧರನಿಗೆ ನೀರಿನ ಕ್ಯಾನು ತೋರಿಸಿ ಕಣ್ಸನ್ನೆ ಮಾಡಿದ. ಶಶಿಧರ್ ಟಯರಿನಿಂದೆದ್ದು ಕ್ಯಾನು ಎತ್ತಿಕೊಂಡು ಹಿಂದೆ ಹೋದ. ಬಟ್ಟೆ ಸುತ್ತಿದ ಕೈಯಿಂದ ಯಾಸೀನ್ ರೇಡಿಯೇಟರಿನ ಮುಚ್ಚಳವನ್ನು ಒಂದೇ ಒಂದು ಸುತ್ತು ಸಡಿಲಿಸಿ, ಇನ್ನೊಂದು ಕೈಯನ್ನು ತಡೆ ಎಂಬಂತೆ ಮೇಲೆತ್ತಿದ.

ಆವಿ ಇಬ್ಬರ ನಡುವೆ ದಟ್ಟವಾಗಿ ಎದ್ದಿತು. ಶಶಿಧರ್ ಕ್ಯಾನನ್ನು ಬಗ್ಗಿಸಿ ಹಿಡಿದು, ಎತ್ತಿದ ಆ ಕೈ ಇಳಿಯುವುದನ್ನೇ ನೋಡುತ್ತ ನಿಂತ.